ಹಳೇ ಕ್ಷೌರದ ಕತ್ತಿ ಸಿಕ್ಕಿದೆಯಾ? ಹೊಳಪಿಗಿಂತ ಮೊದಲು ಬಾಯಿ ನೋಡಿ

ಅಟ್ಟದ ಮೇಲಿನ ಟ್ರಂಕಿನಲ್ಲೋ, ಬೆಂಗಳೂರಿನ ಸಂಡೇ ಬಜಾರಿನಲ್ಲಿ ಗೋಣಿ ತಾಟಿನ ಮೇಲೋ ಮಡಚುವ ಹಳೇ ಕ್ಷೌರದ ಕತ್ತಿ ಸಿಕ್ಕಿತು ಅಂದುಕೊಳ್ಳಿ. ಮೊದಲು ಏನು ಮಾಡುತ್ತೀರಿ? ವಾಟರ್ ಪೇಪರ್ ತಂದು ತುಕ್ಕು ಉಜ್ಜಲು ಕೂರುತ್ತೀರಿ. ನಾನೂ ಅದನ್ನೇ ಮಾಡಿದೆ. ಮೂರು ಭಾನುವಾರ ಕೂತು ಉಜ್ಜಿದೆ, ಅಲಗು ಕನ್ನಡಿಯ ಹಾಗೆ ಹೊಳೆಯಿತು, ಮನೆಗೆ ಬಂದವರಿಗೆಲ್ಲ ತೋರಿಸಿದೆ. ನಾಲ್ಕನೇ ಭಾನುವಾರ ಸಾಣೆಕಲ್ಲಿನ ಮೇಲಿಟ್ಟು ಎಳೆದಾಗ ಬಾಯಿಯ, ಅಂದರೆ ಕೊಯ್ಯುವ ಅಂಚಿನ, ನಡುವಿನಿಂದ ರವೆ ಕಾಳಿನಷ್ಟು ಚೂರು ಉದುರಿತು. ಇನ್ನೊಂದು ಸಲ ಎಳೆದೆ. ಪಕ್ಕದಲ್ಲೇ ಇನ್ನೊಂದು ಚೂರು. ತುಕ್ಕು ಹೊರಗಿನಿಂದ ಕಾಣದ ಹಾಗೆ ಉಕ್ಕಿನ ಒಳಗೆಲ್ಲ ತಿಂದುಬಿಟ್ಟಿತ್ತು. ಮೂರು ವಾರದ ಕೆಲಸ ಹೋಯಿತು, ಅದಕ್ಕಿಂತ ಜಾಸ್ತಿ ಬೇಜಾರಾದದ್ದು ಆ ಕತ್ತಿ ಹೋದದ್ದಕ್ಕೆ.

ಹಾಗಾಗಿ ಇಲ್ಲಿ ನಾನು ಹೇಳುವ ಕ್ರಮ ಸ್ವಲ್ಪ ಉಲ್ಟಾ. ಮೊದಲು ಬಾಯಿ ಗಟ್ಟಿ ಇದೆಯಾ ನೋಡಬೇಕು. ತುಕ್ಕು, ಹೊಳಪು, ಹಿಡಿ ಎಲ್ಲ ಆಮೇಲೆ. ಇನ್ನೊಂದು ಮಾತನ್ನು ಕೊನೆಯವರೆಗೆ ನೆನಪಿನಲ್ಲಿಡಿ: ಉಜ್ಜಿ ತೆಗೆದ ಉಕ್ಕು ವಾಪಸ್ ಬರುವುದಿಲ್ಲ. ಎಲ್ಲೇ ಅನುಮಾನ ಬಂದರೂ ಕಡಿಮೆ ಉಜ್ಜಿ.

ಯಾವ ಕತ್ತಿ ತೆಗೆದುಕೊಳ್ಳಬೇಕು

ಕತ್ತಿ ತೆರೆದು ಬಾಲದ ಹತ್ತಿರ ನೋಡಿ. ಅಲಗನ್ನು ಹಿಡಿಗೆ ಸೇರಿಸುವ ಮೊಳೆಯಿಂದ ಹೊರಗೆ ಚಾಚಿಕೊಂಡು ಬೆರಳಿಗೆ ಆನಿಕೆಯಾಗುವ ಭಾಗ ಬಾಲ, ಅಲಗಿಗೂ ಬಾಲಕ್ಕೂ ನಡುವಿನ ಗಟ್ಟಿ ಭಾಗ ಬುಡ. ಆ ಬುಡದ ಮೇಲೆ ಊರಿನ ಹೆಸರು, ಕಂಪನಿಯ ಮುದ್ರೆ ಒತ್ತಿರುತ್ತಾರೆ. ಜರ್ಮನಿಯ ಸೋಲಿಂಗನ್, ಇಂಗ್ಲೆಂಡಿನ ಶೆಫೀಲ್ಡ್, ಸ್ವೀಡನ್ನಿನ ಎಸ್ಕಿಲ್‌ಸ್ಟೂನಾ, ಫ್ರಾನ್ಸಿನ ತಿಯೆರ್, ಇವುಗಳಲ್ಲಿ ಯಾವ ಊರಿನ ಹೆಸರಿದ್ದರೂ ಉಕ್ಕು ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ನಕ್ಷತ್ರ ಮತ್ತು ಮಾಲ್ಟೀಸ್ ಶಿಲುಬೆ ಕಂಡರೆ ಅದು ಶೆಫೀಲ್ಡಿನ ಜೋಸೆಫ್ ರಾಡ್ಜರ್ಸ್ ಮುದ್ರೆ. ಕೈ ಕೈ ಹಿಡಿದ ಜೋಡಿ ಮನುಷ್ಯರ ಚಿತ್ರ ಸೋಲಿಂಗನ್ನಿನ ಹೆಂಕೆಲ್ಸ್ ಕಂಪನಿಯದು, ಆ ಗುರುತನ್ನು ಅವರು ನೋಂದಾಯಿಸಿದ್ದು 1731ರಲ್ಲಿ. ದೇಶದ ಹೆಸರು ಇದೆಯಾ ಇಲ್ಲವಾ ಅನ್ನುವುದರಿಂದ ವಯಸ್ಸೂ ಅಂದಾಜಾಗುತ್ತದೆ. ಜರ್ಮನಿಯ ಮಾಲಿನ ಮೇಲೆ ಶೆಫೀಲ್ಡ್ ಹೆಸರು ಹಾಕಿ ಮಾರುತ್ತಿದ್ದಾರೆ ಎಂದು ಶೆಫೀಲ್ಡಿನ ಕತ್ತಿ ಕೆಲಸದವರು ಗಲಾಟೆ ಮಾಡಿದ್ದರಿಂದ, ಸರಕಿನ ಮೇಲೆ ಸುಳ್ಳು ಊರಿನ ಹೆಸರು ಹಾಕುವುದನ್ನು ತಡೆಯಲು ಬ್ರಿಟನ್ 1887ರಲ್ಲಿ ಒಂದು ಕಾಯ್ದೆ ತಂದಿತು. ಅಮೆರಿಕ 1891ರಿಂದ ಆಮದು ಸರಕಿನ ಮೇಲೆ ದೇಶದ ಹೆಸರು ಇರಲೇಬೇಕು ಅಂದಿತು. ಹಾಗಾಗಿ ‘ಜರ್ಮನಿ’ ಅಥವಾ ‘ಇಂಗ್ಲೆಂಡ್’ ಎಂದು ಒತ್ತಿದ್ದರೆ ಸಾಮಾನ್ಯವಾಗಿ ಆ ಕಾಲದ ನಂತರದ್ದು ಅಂದುಕೊಳ್ಳಬಹುದು.

ಉಕ್ಕು ಅಂದಾಗ ಒಂದು ವಿಷಯ ಹೇಳದೆ ಮುಂದೆ ಹೋಗಲಾರೆ. ನಮ್ಮ ದಕ್ಷಿಣದ ಮೂಸೆ ಉಕ್ಕನ್ನು ಇಂಗ್ಲಿಷರು ‘ವೂಟ್ಸ್’ ಅಂತ ಕರೆದರು. ಆ ಪದ ನಮ್ಮ ‘ಉಕ್ಕು’ ಎಂಬ ಮಾತಿನಿಂದಲೇ ಬಂದದ್ದು ಎಂದು ಬಹಳ ಜನ ವಿದ್ವಾಂಸರು ಹೇಳುತ್ತಾರೆ. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬ ವೈದ್ಯರು ಅದರ ಬಗ್ಗೆ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಪ್ರಬಂಧ ಓದಿದರು. ಅದರಲ್ಲಿ ಆಸೆ ಹುಟ್ಟಿದ ಜೇಮ್ಸ್ ಸ್ಟೊಡಾರ್ಟ್ ಎಂಬ ಲಂಡನ್ನಿನ ಕತ್ತಿ ತಯಾರಕರು ವಿಜ್ಞಾನಿ ಮೈಕೆಲ್ ಫ್ಯಾರಡೆ ಜೊತೆ ಸೇರಿ ಉಕ್ಕಿನ ಮಿಶ್ರಲೋಹಗಳ ಪ್ರಯೋಗ ಮಾಡಿ 1820ರಲ್ಲಿ ಪ್ರಕಟಿಸಿದರು. ಫ್ಯಾರಡೆ ಆ ಉಕ್ಕಿನಿಂದ ಮಾಡಿಸಿದ ಕ್ಷೌರದ ಕತ್ತಿಗಳನ್ನು ಸ್ನೇಹಿತರಿಗೆ ಉಡುಗೊರೆ ಕೊಟ್ಟಿದ್ದರಂತೆ. ಶೆಫೀಲ್ಡ್ ಮುದ್ರೆಯ ಕತ್ತಿ ಕೈಗೆ ಬಂದಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಹೆಸರು ದೊಡ್ಡದಿದ್ದರೆ ಸಾಲದು. ಕಲಿಯಲಿಕ್ಕೆ ನನ್ನ ಸಲಹೆ ಸಾಧಾರಣ ಸೋಲಿಂಗನ್ ಕತ್ತಿ, 5/8 ಇಂಚು ಅಗಲದ್ದು, ಅಂದರೆ ಬೆನ್ನಿನಿಂದ ಬಾಯಿಗೆ ಸುಮಾರು 16 ಮಿ.ಮೀ. ಇರುವಂಥದ್ದು. ಅಲಗಿನ ಎರಡೂ ಬದಿ ಒಳಕ್ಕೆ ಕೊರೆದು ತೆಳುವಾಗಿರುವುದರಿಂದ ಸಾಣೆ ಬೇಗ ಹಿಡಿಯುತ್ತದೆ. ಹಳೇ ಶೆಫೀಲ್ಡ್ ಕತ್ತಿಗಳಲ್ಲಿ ಕೆಲವು ಬೆಣೆಯ ಹಾಗೆ ದಪ್ಪ. ನೋಡಲು ಬಹಳ ಚೆಂದ, ಆದರೆ ಕಲ್ಲಿನ ಮೇಲೆ ಗಂಟೆಗಟ್ಟಲೆ ಬೇಡುತ್ತವೆ. ಅದು ಎರಡನೆಯದೋ ಮೂರನೆಯದೋ ಆಗಲಿ.

ಇನ್ನು ಬೇಡ ಅನ್ನಬೇಕಾದವು. ಬಿರುಕು ಇದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಬಿರುಕು ಸಾಮಾನ್ಯವಾಗಿ ಬಾಯಿಯಿಂದ ಶುರುವಾಗಿ ಮೇಲಕ್ಕೆ ಹೋಗುತ್ತದೆ, ಕೂದಲಿನಂತೆ ಇರುತ್ತದೆ. ಅಲಗಿಗೆ ಸ್ಪಿರಿಟ್ ಸವರಿ ಬಟ್ಟೆಯಿಂದ ಒರೆಸಿ, ಬೆಳಕಿಗೆ ಹಿಡಿದು ಒಂದು ನಿಮಿಷ ಕಾಯಿರಿ. ಬಿರುಕಿದ್ದರೆ ಒಳಗಿನ ಸ್ಪಿರಿಟ್ ಒಸರಿ ಗೆರೆ ಕಾಣುತ್ತದೆ. ತೆಳು ಅಲಗಾದರೆ ಉಗುರಿನಿಂದ ಮೆಲ್ಲಗೆ ಮೀಟಿ ನೋಡಿ. ಸರಿ ಇರುವುದು ‘ಟಿಣ್’ ಅನ್ನುತ್ತದೆ, ಒಡೆದದ್ದು ‘ಟಕ್’ ಅಂತ ಸುಮ್ಮನಾಗುತ್ತದೆ. ಬಾಯಿ ಒಳಕ್ಕೆ ಬಾಗಿದ್ದರೂ, ಅಂದರೆ ನಡು ಸವೆದು ಎರಡು ತುದಿ ಉಳಿದಿದ್ದರೂ, ಬೇಡ. ಹೊರಕ್ಕೆ ಸ್ವಲ್ಪ ಉಬ್ಬಿದ್ದರೆ ತೊಂದರೆ ಇಲ್ಲ. ಬೆನ್ನನ್ನೂ ನೋಡಿ. ಎಷ್ಟೋ ವರ್ಷ ಕಲ್ಲಿಗೆ ತಿಕ್ಕಿ ಬೆನ್ನಿನ ಎರಡೂ ಬದಿಯಲ್ಲಿ ಚಪ್ಪಟೆ ಪಟ್ಟೆ ಬಿದ್ದಿರುತ್ತದೆ. ಅದು ಕಿರಿದಾಗಿ, ಎರಡೂ ಕಡೆ ಒಂದೇ ಅಗಲ ಇದ್ದರೆ ಸರಿ. ಒಂದು ಕಡೆ ದಾರದಷ್ಟು, ಇನ್ನೊಂದು ಕಡೆ ಅಕ್ಕಿ ಕಾಳಿನಷ್ಟು ಅಗಲ ಇದ್ದರೆ ಯಾರೋ ಒತ್ತಿ ಒತ್ತಿ ಮಸೆದಿದ್ದಾರೆ, ಅದು ಹೊಸಬರ ಕೈಗೆ ಬಗ್ಗುವುದಿಲ್ಲ.

ಬೆನ್ನು ಯಾಕೆ ಇಷ್ಟು ಮುಖ್ಯ ಅಂದರೆ, ಈ ಕತ್ತಿಯ ಕೋನವನ್ನು ನಾವು ಹಿಡಿಯುವುದಲ್ಲ, ಬೆನ್ನೇ ಹಿಡಿಯುತ್ತದೆ. ಅಡುಗೆಮನೆ ಚಾಕು ಮಸೆಯುವಾಗ ಕೈ ಓರೆ ಮಾಡಿ ಅಂದಾಜಿನಲ್ಲಿ ಹಿಡಿಯುತ್ತೇವೆ ಅಲ್ವಾ? ಇಲ್ಲಿ ಬೆನ್ನು, ಬಾಯಿ ಎರಡನ್ನೂ ಕಲ್ಲಿನ ಮೇಲೆ ಚಪ್ಪಟೆಯಾಗಿ ಮಲಗಿಸುತ್ತೇವೆ. ಅಗಲ 16 ಮಿ.ಮೀ., ಬೆನ್ನಿನ ದಪ್ಪ ಸುಮಾರು 4.5 ಮಿ.ಮೀ. ಇದ್ದರೆ ಬಾಯಿಯ ಕೋನ ತಾನಾಗಿಯೇ 16 ಡಿಗ್ರಿಯ ಆಸುಪಾಸಿಗೆ ಬರುತ್ತದೆ. ನೂರು ವರ್ಷದ ಹಿಂದೆ ಅದನ್ನು ಮಾಡಿದವರು ಲೆಕ್ಕ ಹಾಕಿಟ್ಟಿದ್ದಾರೆ. ಬೆನ್ನು ಸವೆಸಿದರೆ ಆ ಲೆಕ್ಕ ಕೆಡುತ್ತದೆ.

ಮೊದಲ ಪರೀಕ್ಷೆ

ಕತ್ತಿ ಮನೆಗೆ ತಂದ ದಿನ ಸೋಪು, ಉಗುರು ಬೆಚ್ಚಗಿನ ನೀರು, ಹಳೇ ಟೂತ್‌ಬ್ರಶ್ ಇಷ್ಟರಲ್ಲೇ ತೊಳೆಯಿರಿ. ಹಿಡಿಯ ಒಳಗಿನ ಸಂದಿಯಲ್ಲಿ ಹಳೇ ಸೋಪು, ಕೂದಲು, ಎಣ್ಣೆ ಎಲ್ಲ ಸೇರಿ ಮೇಣದ ಹಾಗೆ ಕೂತಿರುತ್ತದೆ. ಕೂಡಲೇ ಒರೆಸಿ, 70 ಪರ್ಸೆಂಟ್ ಐಸೊಪ್ರೊಪೈಲ್ ಸ್ಪಿರಿಟ್‌ನಿಂದ ಅಲಗು ಒರೆಸಿ. ಇದು ಯಾರದೋ ರಕ್ತ ಕಂಡ ಕತ್ತಿ. ಹೆಪಟೈಟಿಸ್, ಎಚ್‌ಐವಿ ಭಯದಿಂದಲೇ ನಮ್ಮ ಸಲೂನುಗಳು ಇದನ್ನು ಬಿಟ್ಟು, ಪ್ರತಿ ಗಿರಾಕಿಗೂ ಹೊಸ ಬ್ಲೇಡ್ ಸಿಕ್ಕಿಸುವ ಕತ್ತಿಗೆ ಬಂದದ್ದು. ಬ್ಲೀಚಿಂಗ್ ನೀರಿನಲ್ಲಿ ಮಾತ್ರ ಮುಳುಗಿಸಬೇಡಿ, ಉಕ್ಕನ್ನು ತಿಂದುಹಾಕುತ್ತದೆ. ಟಿಟಿ ಇಂಜೆಕ್ಷನ್ ಯಾವಾಗ ತೆಗೆದುಕೊಂಡಿದ್ದೀರಿ ಅಂತಲೂ ಒಮ್ಮೆ ಲೆಕ್ಕ ಹಾಕಿ.

ಈಗ 1000 ನಂಬರಿನ ನೀರು ಸಾಣೆಕಲ್ಲು (ನಂಬರು ಏರಿದಷ್ಟೂ ಕಲ್ಲು ನಯ) ಬೇಕು. ಹಾರ್ಡ್‌ವೇರ್ ಅಂಗಡಿಯ ಕಪ್ಪು ಕಾರ್ಬೊರಂಡಮ್ ಕಲ್ಲು ಕುಡುಗೋಲಿಗೆ ಸರಿ, ಇದಕ್ಕೆ ಬೇಡವೇ ಬೇಡ. ಕಿಂಗ್, ನಾನಿವಾ, ನಾರ್ಟನ್ ಇಂಥ ಹೆಸರಿನ ಕಲ್ಲುಗಳು ಆನ್‌ಲೈನಿನಲ್ಲಿ ಸಿಗುತ್ತವೆ. ಹೊಸ ಕಲ್ಲೂ ಸಮ ಇರುತ್ತದೆ ಅಂತ ನಂಬಬೇಡಿ. ಕಲ್ಲಿನ ಮೇಲೆ ಪೆನ್ಸಿಲಿನಿಂದ ಚೌಕ ಚೌಕ ಗೆರೆ ಎಳೆಯಿರಿ. ದಪ್ಪ ಗಾಜಿನ ಮೇಲೆ 400 ನಂಬರಿನ ವಾಟರ್ ಪೇಪರ್ ಒದ್ದೆ ಮಾಡಿ ಅಂಟಿಸಿ, ಕಲ್ಲನ್ನು ಮಗುಚಿ ಉಜ್ಜಿ. ಗೆರೆ ಎಲ್ಲ ಅಳಿಸಿದಾಗ ಕಲ್ಲು ಸಮ. ನಡುವೆ ಗೆರೆ ಉಳಿದಿದ್ದರೆ ಅಲ್ಲಿ ಕಲ್ಲು ತಗ್ಗಿದೆ ಅಂತ ಅರ್ಥ, ಇನ್ನೂ ಉಜ್ಜಿ.

ಪರ್ಮನೆಂಟ್ ಮಾರ್ಕರ್ ತೆಗೆದುಕೊಂಡು ಕತ್ತಿಯ ಬಾಯಿಗೆ ಎರಡೂ ಬದಿಯಿಂದ ಕಪ್ಪು ಹಚ್ಚಿ. ಬೆನ್ನಿಗೆ ಎಲೆಕ್ಟ್ರಿಷಿಯನ್‌ಗಳು ಸುತ್ತುವ ಇನ್ಸುಲೇಷನ್ ಟೇಪು ಒಂದೇ ಪದರ ಅಂಟಿಸಿ. ಒದ್ದೆ ಕಲ್ಲಿನ ಮೇಲೆ ಕತ್ತಿ ಮಲಗಿಸಿ, ಬಾಯಿ ಮುಂದೆ ಮಾಡಿ, ಒತ್ತದೆ ಒಂದೇ ಒಂದು ಸಲ ಎಳೆಯಿರಿ. ಬೆನ್ನಿನ ಮೇಲೆ ಹೊರಳಿಸಿ ಇನ್ನೊಂದು ಬದಿ ಎಳೆಯಿರಿ. ಈಗ ಕಿಟಕಿಯ ಹತ್ತಿರ ಹೋಗಿ ನೋಡಿ.

ಬಾಯಿಯ ಉದ್ದಕ್ಕೂ ಕಪ್ಪು ಅಳಿಸಿ ದಾರದಂಥ ಬಿಳಿ ಗೆರೆ ಕಂಡರೆ ಅಲಗು ನೇರ ಇದೆ. ಬುಡದಲ್ಲಿ ಅಳಿಸಿದೆ, ತುದಿಯಲ್ಲಿ ಕಪ್ಪು ಹಾಗೇ ಇದೆ ಅಂದರೆ ಕತ್ತಿ ಸ್ವಲ್ಪ ತಿರುಚಿದೆ. ಅಲ್ಪಸ್ವಲ್ಪ ಇದ್ದರೆ ಎಳೆಯುವ ರೀತಿಯಲ್ಲಿ ಸರಿ ಮಾಡಬಹುದು, ಮುಂದೆ ಹೇಳುತ್ತೇನೆ. ಹತ್ತು ಸಲ ಎಳೆದ ಮೇಲೆ ಬಾಯಿಯನ್ನು ಭೂತಗನ್ನಡಿಯಲ್ಲಿ ನೋಡಿ. ಸೂಜಿ ಚುಚ್ಚಿದಂಥ ಕಪ್ಪು ಗುಂಡಿಗಳು ಬಾಯಿಯ ಗೆರೆಗೇ ಬಂದು ಮುಟ್ಟಿದ್ದರೆ, ಎಳೆದಷ್ಟೂ ಹೊಸ ಮುಕ್ಕು ಬರುತ್ತಿದ್ದರೆ ಕೆಲಸ ಇಲ್ಲಿಗೇ ನಿಲ್ಲಿಸಿ. ಅಂಥ ಕತ್ತಿಯನ್ನು ಎಣ್ಣೆ ಹಚ್ಚಿ ನೆನಪಿಗೆ ಇಟ್ಟುಕೊಳ್ಳಿ, ಕೆನ್ನೆಗೆ ಬೇಡ. ಗುಂಡಿಗಳು ಬಾಯಿಯಿಂದ ಮೂರು ನಾಲ್ಕು ಮಿ.ಮೀ. ಮೇಲಿದ್ದರೆ ಚಿಂತೆ ಇಲ್ಲ, ನೋಡಲು ಚೆಂದ ಇಲ್ಲ ಅಷ್ಟೇ.

ತುಕ್ಕು

ಪಾಸಾಯಿತು ಅಂದರೆ ಈಗ ತುಕ್ಕಿನ ಕೆಲಸ. ಶುರು ಮಾಡುವ ಮೊದಲು ಬಾಯಿಯನ್ನು ಗಾಜಿನ ಲೋಟದ ತಳದ ಮೇಲೆ ಒಮ್ಮೆ ಹಗುರವಾಗಿ ಎಳೆದು ಮೊಂಡು ಮಾಡಿಬಿಡಿ. ಹೇಗೂ ಮತ್ತೆ ಸಾಣೆ ಹಿಡಿಯುತ್ತೀರಿ. ಉಜ್ಜುವಾಗ ಕೈ ಜಾರುವುದು ಗ್ಯಾರಂಟಿ, ಆಗ ಬೆರಳು ಉಳಿಯುತ್ತದೆ. ಮೊಂಡು ಮಾಡಿದರೂ ಇದು ಕತ್ತಿಯೇ, ಮಕ್ಕಳು ಇರುವ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂರಿ.

ಕೆಂಪು ತುಕ್ಕು ಬೇರೆ, ಕಪ್ಪು ಕಲೆ ಬೇರೆ. ಕೆಂಪು ತುಕ್ಕು ಉಕ್ಕನ್ನು ತಿನ್ನುತ್ತಲೇ ಇರುತ್ತದೆ, ಅದನ್ನು ತೆಗೆಯಲೇಬೇಕು. ನೀಲಿ ಕಪ್ಪಾಗಿ ಮೋಡದ ಹಾಗೆ ಕೂತಿರುವ ಕಲೆ ಕತ್ತಿಯ ಪ್ರಾಯದ ಗುರುತು, ಮುಂದಿನ ತುಕ್ಕನ್ನೂ ಸ್ವಲ್ಪ ತಡೆಯುತ್ತದೆ. ನಾನಾದರೆ ಅದನ್ನು ಮುಟ್ಟುವುದಿಲ್ಲ.

ಇಲ್ಲಿ ಮನೆಯಲ್ಲಿ ಯಾರಾದರೂ ಖಂಡಿತ ಹೇಳುತ್ತಾರೆ, ಹುಣಸೆಹಣ್ಣು ಹಚ್ಚು, ನಿಂಬೆಹಣ್ಣು ತಿಕ್ಕು ಅಂತ. ಹಿತ್ತಾಳೆ ದೀಪಕ್ಕೆ ಅದು ಸರಿ. ಉಕ್ಕಿನ ಕತ್ತಿಗೆ ಹುಳಿ ತಾಗಿದರೆ ತುಕ್ಕಿನ ಜೊತೆ ಒಳ್ಳೆ ಉಕ್ಕೂ ಕರಗಿ, ಮೈ ಬೂದು ಬಣ್ಣಕ್ಕೆ ತಿರುಗಿ ಒರಟಾಗುತ್ತದೆ. ಪಾತ್ರೆ ತಿಕ್ಕುವ ಪುಡಿಯೂ ಬೇಡ, ಗೀರು ಬೀಳುತ್ತದೆ.

ಹೊಲಿಗೆ ಮೆಷಿನ್ ಎಣ್ಣೆಯನ್ನೋ ಡಬ್ಲ್ಯುಡಿ-40ಯನ್ನೋ ಅಲಗಿಗೆಲ್ಲ ಹಚ್ಚಿ ಒಂದು ರಾತ್ರಿ ಬಿಡಿ. ಮೊಳೆಯ ಸಂದಿಗೂ ಎರಡು ಹನಿ ಬಿಡಿ. ಬೆಳಿಗ್ಗೆ ಕತ್ತಿಯನ್ನು ಹತ್ತಿಪ್ಪತ್ತು ಸಲ ನಿಧಾನ ತೆರೆದು ಮುಚ್ಚಿದರೆ ಸಂದಿಯಿಂದ ಕಾಫಿ ಡಿಕಾಕ್ಷನ್ ಬಣ್ಣದ ಎಣ್ಣೆ ಒಸರುತ್ತದೆ. ಒರೆಸಿ, ಮತ್ತೆ ಹನಿ ಬಿಡಿ, ಮತ್ತೆ ಆಡಿಸಿ. ಒಸರುವ ಎಣ್ಣೆ ತಿಳಿಯಾಗುವವರೆಗೆ ಹೀಗೇ. ನನಗೆ ಒಂದು ಕತ್ತಿಗೆ ನಾಲ್ಕು ದಿನ ಹಿಡಿಯಿತು, ಆದರೆ ಮೊಳೆ ಬಿಚ್ಚುವ ಪ್ರಮೇಯವೇ ಬರಲಿಲ್ಲ.

ಅಲಗಿನ ತುಕ್ಕಿಗೆ ಮೊದಲು ಎಣ್ಣೆ ಮತ್ತು ಅತಿ ನಯವಾದ, 0000 ನಂಬರಿನ ಸ್ಟೀಲ್ ವುಲ್. ಹತ್ತರಲ್ಲಿ ಆರೇಳು ಕತ್ತಿಗೆ ನಾನು ಇಲ್ಲಿಗೇ ನಿಲ್ಲಿಸಿದ್ದೇನೆ. ಗಟ್ಟಿಯಾಗಿ ಕೂತ ತುಕ್ಕಿಗೆ ಮಾತ್ರ ವಾಟರ್ ಪೇಪರ್. 600ಕ್ಕಿಂತ ಒರಟು ಬೇಡ. ಆಮೇಲೆ 800, 1000, 1500, 2000. ಕಾರಿಗೆ ಪೇಂಟ್ ಮಾಡುವವರು ಬಳಸುವುದು ಇದೇ ಕಾಗದ, ಬೆಂಗಳೂರಿನವರಿಗೆ ಎಸ್‌ಜೆಪಿ ರಸ್ತೆಯಲ್ಲಿ ಎಲ್ಲ ನಂಬರೂ ಸಿಗುತ್ತದೆ. ಮರದ ಹಲಗೆಯ ಅಂಚಿನಲ್ಲಿ ಅಲಗನ್ನು ಚಪ್ಪಟೆಯಾಗಿ ಮಲಗಿಸಿ, ಹಿಡಿ ಹೊರಗೆ ತೂಗುತ್ತಿರಲಿ. ಕಾಗದವನ್ನು ಬಾಟಲಿಯ ಬಿರಡೆಗೋ ರಬ್ಬರಿಗೋ ಸುತ್ತಿ, ಎಣ್ಣೆಯಲ್ಲಿ ಅದ್ದಿ, ಬೆನ್ನಿನಿಂದ ಬಾಯಿಯ ಕಡೆಗೆ ಮಾತ್ರ ಎಳೆಯಿರಿ. ಬಾಯಿಗೆ ಎದುರಾಗಿ ಒಂದು ಸಲವೂ ಬೇಡ. ಬಾಯಿಯ ಹತ್ತಿರ ಅಲಗು ಕಾಗದದಷ್ಟು ತೆಳು, ಒತ್ತಿದರೆ ಮಣಿದು ಒಡೆಯುತ್ತದೆ. ಅಲ್ಲಿ ಬೆರಳಿನ ಭಾರ ಸಾಕು. ಪ್ರತಿ ನಂಬರಿಗೂ ಹಿಂದಿನ ನಂಬರಿನ ಗೀರು ಪೂರ್ತಿ ಹೋಗಿದೆಯಾ ನೋಡಿ ಮುಂದಕ್ಕೆ ಹೋಗಿ, ಇಲ್ಲವಾದರೆ 2000ಕ್ಕೆ ಬಂದಾಗ ಆ ಗೀರುಗಳೇ ಎದ್ದು ಕಾಣುತ್ತವೆ. ಕೊನೆಗೆ ಬ್ರಾಸೊ ಅಥವಾ ಆಟೊಸಾಲ್ ಹಚ್ಚಿ ಮೆತ್ತನೆ ಬಟ್ಟೆಯಲ್ಲಿ ಉಜ್ಜಿ. ಅಲಗಿನ ಮೇಲೆ ಚಿನ್ನದ ಬಣ್ಣದ ಅಕ್ಷರ, ಹೂಬಳ್ಳಿ ಇದ್ದರೆ ಆ ಜಾಗಕ್ಕೆ ಪಾಲಿಶ್ ಸೋಕಿಸಬೇಡಿ. ಒಂದೆರಡು ಉಜ್ಜಿಗೆ ಚಿನ್ನ ಮಾಯ.

ಮೆಷಿನ್ ಬೇಡ. ಬಫಿಂಗ್ ಚಕ್ರಕ್ಕೆ ಬಾಯಿ ಸಿಕ್ಕಿಕೊಂಡರೆ ಕತ್ತಿ ಯಾವ ಕಡೆ ಹಾರುತ್ತದೋ ಹೇಳಲಾಗುವುದಿಲ್ಲ. ಅದು ಒಂದು ಅಪಾಯ. ಇನ್ನೊಂದು, ಬಿಸಿ. ಈ ಉಕ್ಕಿಗೆ ಹದ ಕೊಟ್ಟಿರುತ್ತಾರೆ, ಬಿಸಿ ಏರಿದರೆ ಆ ಹದ ಹೋಗುತ್ತದೆ. ಉಕ್ಕು ಮೊದಲು ಒಣಹುಲ್ಲಿನ ಬಣ್ಣಕ್ಕೆ, ಆಮೇಲೆ ಕಂದಿಗೆ, 300 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ನೀಲಿಗೆ ತಿರುಗುತ್ತದೆ. ತೆಳು ಬಾಯಿ ಚಕ್ರಕ್ಕೆ ತಾಗಿದರೆ ಕ್ಷಣದಲ್ಲಿ ಇದಾಗಿಬಿಡುತ್ತದೆ. ನೀಲಿಯಾದ ಬಾಯಿ ಎಷ್ಟು ಮಸೆದರೂ ಎರಡು ದಿನಕ್ಕೆ ಮೊಂಡು. ಮಾರುವವರ ಹತ್ತಿರ ವಿಪರೀತ ಹೊಳೆಯುವ ಕತ್ತಿ ಕಂಡರೂ ಇದೇ ಕಾರಣಕ್ಕೆ ಅನುಮಾನ ಪಡಿ.

ಹಿಡಿ

ಹಿಡಿ ಯಾವುದರಿಂದ ಮಾಡಿದ್ದು ಅಂತ ತಿಳಿಯುವ ಒಂದು ಸುಲಭ ದಾರಿ ಇದೆ. ಹೆಬ್ಬೆರಳಿನಿಂದ ಜೋರಾಗಿ ಉಜ್ಜಿ ಮೂಸಿ ನೋಡಿ. ಕರ್ಪೂರದ ವಾಸನೆ ಬಂದರೆ ಸೆಲ್ಯುಲಾಯ್ಡ್. ಕರ್ಪೂರ ಹಾಕಿಯೇ ಅದನ್ನು ಮಾಡುವುದು. ಕರ್ಪೂರದ ಹಾಗೆಯೇ ಬೇಗ ಹೊತ್ತಿಕೊಳ್ಳುತ್ತದೆ ಕೂಡ, ಆದ್ದರಿಂದ ಬೆಂಕಿ, ಬಿಸಿಲು ಹತ್ತಿರ ಬೇಡ. ಉಗುರು ಬಣ್ಣ ತೆಗೆಯುವ ಅಸಿಟೋನ್ ತಾಗಿದರೆ ಕರಗುತ್ತದೆ. ಕರ್ಪೂರದ ಬದಲು ಮೂಗಿಗೆ ಚುಚ್ಚುವ ಹುಳಿ ವಾಸನೆ ಬಂದು, ಹಿಡಿಯ ಒಳಗೆ ಬಿರುಕಿನ ಬಲೆ ಕಂಡರೆ ಸೆಲ್ಯುಲಾಯ್ಡ್ ಕೊಳೆಯುತ್ತಿದೆ. ಅದರಿಂದ ಹೊರಡುವ ಆಮ್ಲದ ಆವಿ ಅಲಗಿಗೆ ತುಕ್ಕು ಹಿಡಿಸುತ್ತದೆ, ನೀವು ಎಷ್ಟು ಸಲ ಉಜ್ಜಿದರೂ ಮತ್ತೆ ಬರುತ್ತದೆ. ಆ ಹಿಡಿ ತೆಗೆಸಲೇಬೇಕು, ಬೇರೆ ಕತ್ತಿಗಳ ಜೊತೆ ಒಂದೇ ಡಬ್ಬಿಯಲ್ಲೂ ಇಡಬಾರದು.

ಕೊಂಬಿನ ಹಿಡಿ ಒಣಗಿ ಬೆಳ್ಳಗಾಗಿದ್ದರೆ ತೆಳುವಾಗಿ ಎಣ್ಣೆ ಸವರಿ ಎರಡು ದಿನ ಬಿಡಿ, ಕಪ್ಪು ಮಿಂಚು ತಾನಾಗಿ ಬರುತ್ತದೆ. ಹಿಡಿಯ ಕೊನೆಯಲ್ಲಿ ಬೂದು ಬಣ್ಣದ ಮೆತ್ತನೆ ಲೋಹದ ತುಂಡು ಕಂಡರೆ ಅದು ಸೀಸ, ಅದನ್ನು ಉಜ್ಜಬೇಡಿ, ಮುಟ್ಟಿದ ಮೇಲೆ ಕೈ ತೊಳೆಯಿರಿ. ದಂತದ ಹಿಡಿ ಅಂತ ಯಾರಾದರೂ ಮಾರಲು ಬಂದರೆ ದೂರ ಇರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ದಂತದ ವ್ಯಾಪಾರ ಅಪರಾಧ.

ಮೊಳೆ ಸಡಿಲವಾಗಿ ಕತ್ತಿ ಅಲ್ಲಾಡುತ್ತಿದ್ದರೆ ಮೊಳೆಯ ಒಂದು ತಲೆಯನ್ನು ಗಟ್ಟಿ ಕಬ್ಬಿಣದ ಮೇಲೆ ಆನಿಸಿ, ಇನ್ನೊಂದು ತಲೆಗೆ ಅಕ್ಕಸಾಲಿಗರ ಸಣ್ಣ ಸುತ್ತಿಗೆಯಿಂದ ತಟ್ಟಬೇಕು. ಹೊಡೆಯುವುದಲ್ಲ, ತಟ್ಟುವುದು. ನಾಲ್ಕು ತಟ್ಟಿ, ತೆರೆದು ನೋಡಿ, ಮಗುಚಿ ನಾಲ್ಕು ತಟ್ಟಿ. ಅವಸರ ಮಾಡಿದರೆ ಹಿಡಿ ಸೀಳುತ್ತದೆ. ಮೊದಲ ಕತ್ತಿಯಲ್ಲೇ ಮೊಳೆ ಕಿತ್ತು ಹೊಸ ಹಿಡಿ ಮಾಡುವ ಕೆಲಸಕ್ಕೆ ಹೋಗಬೇಡಿ.

ಸಾಣೆ

ಈಗ ನಿಜವಾದ ಕೆಲಸ. 1000, ಆಮೇಲೆ 4000 ಅಥವಾ 5000, ಆಮೇಲೆ 8000, ಸಾಧ್ಯವಾದರೆ 12000. ಇವುಗಳಲ್ಲಿ 1000ದ ಕೆಲಸವೇ ಮುಕ್ಕಾಲು ಪಾಲು. ಅಲ್ಲಿ ಬಾಯಿಯ ಎರಡೂ ಬದಿ ಒಂದೇ ಗೆರೆಗೆ ಸರಿಯಾಗಿ ಕೂಡದಿದ್ದರೆ ಮುಂದಿನ ಕಲ್ಲುಗಳು ಎಷ್ಟೇ ದುಬಾರಿ ಇದ್ದರೂ ಏನೂ ಮಾಡುವುದಿಲ್ಲ. ಹೊಸಬರು ಸೋಲುವುದು ಇಲ್ಲೇ. ಬೇಜಾರಾಗಿ ಬೇಗ 8000ಕ್ಕೆ ಹಾರುತ್ತಾರೆ, ಕೆನ್ನೆ ಉರಿಯುತ್ತದೆ, ಕತ್ತಿಯೇ ಸರಿ ಇಲ್ಲ ಅನ್ನುತ್ತಾರೆ.

ಬೆನ್ನಿಗೆ ಹೊಸ ಟೇಪು ಅಂಟಿಸಿ. ಸವೆದಾಗಲೆಲ್ಲ ಬದಲಾಯಿಸಿ, ಕಲ್ಲು ಬದಲಾಯಿಸುವಾಗಲೂ ಬದಲಾಯಿಸಿ. ಹೆಬ್ಬೆರಳು, ತೋರುಬೆರಳಿನಲ್ಲಿ ಬುಡವನ್ನು ಹಿಡಿಯಿರಿ. ಅಲಗು ಕಲ್ಲಿನ ಅಗಲಕ್ಕಿಂತ ಉದ್ದ ಇರುವುದರಿಂದ ನೇರ ಎಳೆದರೆ ತುದಿಗೆ ಕಲ್ಲು ಸಿಗುವುದಿಲ್ಲ. ಕಲ್ಲಿನ ಆ ತುದಿಯಲ್ಲಿ ಬುಡ ಇಟ್ಟು ಶುರು ಮಾಡಿ, ಎಳೆಯುತ್ತಾ ಓರೆಯಾಗಿ ಪಕ್ಕಕ್ಕೆ ಸರಿಸಿ, ಈ ತುದಿಗೆ ಬಂದಾಗ ಕತ್ತಿಯ ತುದಿ ಕಲ್ಲಿನ ಮೇಲಿರಬೇಕು. ಹೊರಳಿಸುವಾಗ ಯಾವಾಗಲೂ ಬೆನ್ನು ಕಲ್ಲಿನ ಮೇಲೇ ಇರಲಿ. ತಿರುಚಿದ ಕತ್ತಿಗೂ, ಬಾಯಿ ಉಬ್ಬಿದ ಕತ್ತಿಗೂ ಇದೇ ಓರೆ ಎಳೆತದಲ್ಲಿ ಮಣಿಕಟ್ಟನ್ನು ಸ್ವಲ್ಪ ಎತ್ತಿ ಇಳಿಸಿ ಬಾಯಿಯ ಎಲ್ಲ ಭಾಗಕ್ಕೂ ಕಲ್ಲು ತಾಗಿಸಬೇಕು. ಮಾರ್ಕರ್ ಹಚ್ಚಿ ನೋಡುತ್ತಾ ಹೋದರೆ ಕೈ ತಾನಾಗಿ ಕಲಿಯುತ್ತದೆ.

ಎಷ್ಟು ಸಲ ಅಂತ ಲೆಕ್ಕ ಇಡಬೇಡಿ, ಕಣ್ಣಿಡಿ. ಕಲ್ಲಿನ ಮೇಲೆ ನೀರಿರುತ್ತದೆ ಅಲ್ವಾ, ಶುರುವಿನಲ್ಲಿ ಮೊಂಡು ಬಾಯಿ ಆ ನೀರನ್ನು ಮುಂದಕ್ಕೆ ತಳ್ಳಿಕೊಂಡು ಹೋಗುತ್ತದೆ. ಬಾಯಿ ಕೂಡುತ್ತಾ ಬಂದ ಹಾಗೆ ನೀರು ತಳ್ಳಿಸಿಕೊಳ್ಳದೆ ಅಲಗಿನ ಮೇಲೆ ಹತ್ತಿ ಹರಿಯುತ್ತದೆ. ಇದನ್ನು ಮೊದಲ ಸಲ ಕಂಡಾಗ ನಾನು ಕಲ್ಲಿನ ಮೇಲೆ ಬಗ್ಗಿಕೊಂಡು ಮತ್ತೆ ಮತ್ತೆ ಎಳೆದು ನೋಡಿದ್ದೆ. ಬುಡದ ಕಡೆ ನೀರು ಹತ್ತುತ್ತಿತ್ತು, ತುದಿಯ ಕಡೆ ಒಂದು ಬೆರಳಗಲ ಮಾತ್ರ ಇನ್ನೂ ತಳ್ಳುತ್ತಿತ್ತು. ಆ ಬೆರಳಗಲಕ್ಕೆ ಇನ್ನೂ ಅರ್ಧ ಗಂಟೆ ಬೇಕಾಯಿತು.

ಇನ್ನೊಂದು ಪರೀಕ್ಷೆ: ಟ್ಯೂಬ್‌ಲೈಟ್ ಕೆಳಗೆ ಬಾಯಿಯನ್ನು ಮೇಲೆ ಮಾಡಿ ಹಿಡಿದು ನೇರ ನೋಡಿ. ಹರಿತವಾದ ಬಾಯಿಗೆ ಬೆಳಕು ಪ್ರತಿಫಲಿಸಲು ಜಾಗವೇ ಇರುವುದಿಲ್ಲ, ಅದು ಕಾಣುವುದೇ ಇಲ್ಲ. ಎಲ್ಲಿ ಬಿಳಿ ಚುಕ್ಕೆ ಮಿನುಗುತ್ತದೋ ಅಲ್ಲಿ ಮೊಂಡು ಅಥವಾ ಮುಕ್ಕು. ಚುಕ್ಕೆ ಎಲ್ಲ ಹೋದ ಮೇಲೆ ಮುಂಗೈ ಕೂದಲಿನ ಮೇಲೆ ಬುಡ, ನಡು, ತುದಿ ಮೂರೂ ಕಡೆ ಪ್ರಯತ್ನಿಸಿ. 1000ದ ಕಲ್ಲಿನಿಂದಲೇ ಮೂರೂ ಕಡೆ ಕೂದಲು ಕತ್ತರಿಸಬೇಕು. ಒಂದು ಕಡೆ ಕತ್ತರಿಸದಿದ್ದರೂ ಮುಂದೆ ಹೋಗಬೇಡಿ.

1000ದಲ್ಲಿ ಶುರುವಿಗೆ ಸ್ವಲ್ಪ ಭಾರ ಹಾಕಬಹುದು, ಕೊನೆಯ ಇಪ್ಪತ್ತು ಎಳೆತ ಹಗುರ. ಅಲ್ಲಿಂದ ಮುಂದಿನ ಎಲ್ಲ ಕಲ್ಲಿಗೂ ಕತ್ತಿಯ ತೂಕ ಮಾತ್ರ, ನಿಮ್ಮ ಕೈ ದಾರಿ ತೋರಿಸಲಿಕ್ಕೆ ಅಷ್ಟೇ. 4000, 8000 ಎರಡರಲ್ಲೂ ಮೂವತ್ತು ನಲವತ್ತು ಜೋಡಿ ಎಳೆತ, 12000ದಲ್ಲಿ ಇಪ್ಪತ್ತು ಮೂವತ್ತು. ಕಲ್ಲಿನಿಂದ ಕಲ್ಲಿಗೆ ಹೋಗುವಾಗ ಕತ್ತಿ ತೊಳೆಯಿರಿ, ಒರಟು ಕಲ್ಲಿನ ಒಂದು ಕಣ ನಯದ ಕಲ್ಲಿಗೆ ಬಿದ್ದರೂ ಬಾಯಿ ಗೀರುತ್ತದೆ.

ಚರ್ಮದ ಪಟ್ಟಿ

ಕಲ್ಲಿನ ಮೇಲೆ ಬಾಯಿ ಮುಂದೆ, ಚರ್ಮದ ಮೇಲೆ ಬೆನ್ನು ಮುಂದೆ. ಇದೊಂದನ್ನು ಮರೆತರೆ ಚರ್ಮವೂ ಹೋಯಿತು, ಬಾಯಿಯೂ ಹೋಯಿತು. ಎರಡು ಮೂರು ಬೆರಳಿಗಿಂತ ಅಗಲದ, ಗೀರಿಲ್ಲದ ನಯವಾದ ಚರ್ಮದ ಪಟ್ಟಿ ಮತ್ತು ಅಷ್ಟೇ ಅಗಲದ ದಪ್ಪ ಹತ್ತಿ ಪಟ್ಟಿ ಸಾಕು. ಕಿಟಕಿಯ ಸರಳಿಗೆ ಕಟ್ಟಿ, ಜೋತುಬೀಳದ ಹಾಗೆ ಎಳೆದು ಹಿಡಿಯಿರಿ. ಬಟ್ಟೆಯ ಮೇಲೆ ಮೂವತ್ತು ಜೋಡಿ, ಚರ್ಮದ ಮೇಲೆ ಐವತ್ತು ಅರವತ್ತು. ನಿಧಾನ. ಕೊನೆಗೆ ಬಂದು ನಿಲ್ಲಿಸಿ, ಬೆನ್ನಿನ ಮೇಲೆ ಹೊರಳಿಸಿ, ಆಮೇಲೆ ವಾಪಸ್. ಹಿಂದೆ ಹಳ್ಳಿಯಲ್ಲಿ ಕ್ಷೌರ ಮಾಡುವವರು ಅಂಗೈ ಮೇಲೆ ಸರಸರ ಎಳೆಯುತ್ತಿದ್ದದ್ದನ್ನು ಹಿರಿಯರು ನೋಡಿರುತ್ತಾರೆ. ಅದು ಜೀವಮಾನದ ಕೈಪಳಗಿಕೆ, ನಾವು ಅನುಕರಿಸುವಂಥದ್ದಲ್ಲ.

ಮೊದಲ ಕ್ಷೌರಕ್ಕೆ ಮುಖ ಪೂರ್ತಿ ಬೇಡ. ಸ್ನಾನ ಆದ ಮೇಲೆ, ಕತ್ತಿಯನ್ನು ಮತ್ತೊಮ್ಮೆ ಸ್ಪಿರಿಟ್‌ನಲ್ಲಿ ಒರೆಸಿ, ಒಂದು ಕೆನ್ನೆ ಮಾತ್ರ. ಚರ್ಮ ಎಳೆದು ಹಿಡಿದು, ಕತ್ತಿಯನ್ನು ಸುಮಾರು 30 ಡಿಗ್ರಿ ಓರೆಯಲ್ಲಿ ಇಟ್ಟು, ಕೂದಲು ಬೆಳೆದ ದಿಕ್ಕಿಗೇ ಸಣ್ಣ ಸಣ್ಣ ಎಳೆತ. ಅಡ್ಡಡ್ಡ ಜಾರಿಸಿದರೆ ಕೊಯ್ದೇ ಕೊಯ್ಯುತ್ತದೆ. ಬಾಯಿ ಸರಿ ಇದ್ದರೆ ಸಣ್ಣ ಸದ್ದು ಕೇಳುತ್ತದೆ, ಒಣ ಎಲೆ ಸವರಿದ ಹಾಗೆ. ಕೂದಲು ಜಗ್ಗಿದರೆ ಅಲ್ಲೇ ನಿಲ್ಲಿಸಿ 8000ಕ್ಕೆ ವಾಪಸ್ ಹೋಗಿ. ಅದರಲ್ಲಿ ನಾಚಿಕೆ ಏನೂ ಇಲ್ಲ, ನನ್ನ ಮೊದಲ ಒಳ್ಳೆ ಕತ್ತಿ ಮೂರು ಸಲ ವಾಪಸ್ ಹೋಗಿತ್ತು. ಈ ಕತ್ತಿಯನ್ನು ಅಣ್ಣನಿಗೂ ತಮ್ಮನಿಗೂ ಹಂಚಿಕೊಳ್ಳಬೇಡಿ, ಒಬ್ಬರಿಗೆ ಒಂದು.

ಮುಗಿದ ಮೇಲೆ ಟಿಶ್ಯೂ ಕಾಗದದಿಂದ ಒರೆಸಿ, ಹಿಡಿಯ ಒಳಸಂದಿಯನ್ನೂ ಒಣಗಿಸಿ, ಅರ್ಧ ಗಂಟೆ ಗಾಳಿಗೆ ತೆರೆದಿಟ್ಟು, ಒಂದು ಹನಿ ಮೆಷಿನ್ ಎಣ್ಣೆ ಸವರಿ. ಕೊಬ್ಬರಿ ಎಣ್ಣೆ ಬೇಡ, ಚಳಿಗೆ ಹೆಪ್ಪುಗಟ್ಟುತ್ತದೆ, ದಿನ ಕಳೆದ ಹಾಗೆ ಅಂಟಾಗುತ್ತದೆ. ಬಚ್ಚಲುಮನೆಯಲ್ಲಿ ಇಡಬೇಡಿ. ಮಲೆನಾಡು, ಕರಾವಳಿಯವರಿಗೆ ಜೂನ್‌ನಿಂದ ಸೆಪ್ಟೆಂಬರ್ ಕಷ್ಟದ ಕಾಲ. ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಹದಿನೈದು ದಿನಕ್ಕೊಮ್ಮೆ ತೆಗೆದು ನೋಡಿ. ತುಕ್ಕು ಮೊದಲು ಬರುವುದು ಮೊಳೆಯ ಹತ್ತಿರ. ಅಲ್ಲಿ ಕಂದು ಗೆರೆ ಕಂಡರೆ ಅದೇ ದಿನ ಎರಡು ಹನಿ ಬಿಟ್ಟು, ಎಣ್ಣೆ ತಿಳಿಯಾಗುವವರೆಗೆ ತೆರೆದು ಮುಚ್ಚಿ.